ಸೀತಕ್ಕನಿಗೆ ತಲುಪುವ ಆಪು

ನಮ್ಮ ಮಾವನ ಕಡೆಯಿಂದ "ಊಟಕ್ಕೆ ಬಾ" ಎಂಬ ಒಂದು ಮೆಸೇಜು ಪಡೆಯಬೇಕಾದರೆ, ಮೊದಲು ನಾನು ನಾನೇ ಎಂದು ರುಜುವಾತು ಮಾಡಿ ತೋರಿಸಬೇಕು! ಉತ್ಪ್ರೇಕ್ಷೆ ಅಂದುಕೊಂಡಿರಾ? ಹೊಸ ಆಪು ಹಾಕಿಸಿಕೊಂಡಾಗಲೆಲ್ಲ ಅವರು ನನ್ನನ್ನು ಜಗಲಿಯಲ್ಲಿ ಎದುರಿಗೆ ಕೂರಿಸಿಕೊಳ್ಳುತ್ತಾರೆ. ನನ್ನ ಫೋನಿನಲ್ಲಿ ಮೂಡಿದ ರಾಶಿ ಅಂಕಿಗಳನ್ನು ನಾನು ಮಗ್ಗಿ ಒಪ್ಪಿಸಿದಂತೆ ಓದಬೇಕು. ಅವರು ತಮ್ಮ ಫೋನಿನ ಅಂಕಿಗಳ ಮೇಲೆ ಬೆರಳಿಟ್ಟು ತಾಳೆ ನೋಡಬೇಕು. ನಡುವೆ ಯಾರೂ ನುಸುಳಿಕೊಂಡು ನಮ್ಮ ಮಾತು ಕದ್ದು ಓದುತ್ತಿಲ್ಲ ಎಂದು ಖಾತ್ರಿಯಾಗುವುದು ಹಾಗಂತೆ. ಮಂಡಿಗೆ ಮಂಡಿ ತಾಗುವಂತೆ ಕೂತ ನಮ್ಮಿಬ್ಬರ ನಡುವೆ ನುಸುಳುವುದು ಅತ್ತೆಯ ಕಾಫಿ ಲೋಟ ಮಾತ್ರ.

"ಇವ್ನು ನಿಮ್ಮಕ್ಕನ ಮಗನೇ ಹೌದು ಮಾರಾಯ್ರೆ. ಇವನಮ್ಮನ ಬಾಣಂತನ ಮಾಡಿದೋಳು ನಾನು. ನನ್ನ ಸಾಕ್ಷಿ ನಡೆಯಲ್ವಾ?" ಎನ್ನುತ್ತಾರೆ ಅತ್ತೆ.

"ನಡೆಯಲ್ಲ," ಎಂದು ಮಾವ ಪಿಸುಗುಟ್ಟುತ್ತಾರೆ. "ಇವನು ಯಾರ ಥರ ಬೇಕಾದ್ರೂ ಮಾತಾಡ್ತಾನೆ. ಇವನ್ನ ಅಂಕಿಲೇ ಹಿಡೀಬೇಕು."

ಆರೋಪದಲ್ಲಿ ಹುರುಳಿದೆ. ಆಲ್ದೂರಿನ ಬಸ್‌ಸ್ಟ್ಯಾಂಡಿನ ಪಕ್ಕ ನನ್ನದೊಂದು ಮೊಬೈಲ್ ಅಂಗಡಿ. ಅದು ಹೊಟ್ಟೆಪಾಡು. ಚಟ ಮಾತ್ರ ಮಿಮಿಕ್ರಿ. ಮದುವೆಮನೆ, ಶಾಲೆಯ ವಾರ್ಷಿಕೋತ್ಸವ, ಕೊನೆಗೆ ತಿಥಿಯೂಟದ ಪಂಕ್ತಿಯಲ್ಲೂ ನಾನು ಯಾರನ್ನೂ ಬಿಟ್ಟವನಲ್ಲ. ಮೂಡಿಗೆರೆ ಬಸ್ಸಿನ ಕಂಡಕ್ಟರು, ಕಾಫಿ ವ್ಯಾಪಾರಿ, ಊರಿನ ಪುರೋಹಿತರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಯಾರೂ ನೆನಪಾಗದಿದ್ದರೆ ನನ್ನದೇ ಧ್ವನಿಯನ್ನು ಅಣಕಿಸುತ್ತೇನೆ. ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ; ಅಸಲೇ ಅಷ್ಟು ಸಪ್ಪೆ!

ಆದರೆ ನನ್ನ ಎಲ್ಲ ಐಟಂಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸುವುದು ಮಾವನ ಧ್ವನಿ. ಅಂದರೆ, ಅವರ ಹಳೆಯ ಧ್ವನಿ.

ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು. ಟವರುಗಳು ಬರುವ ಮುಂಚೆ ಒಂದು ಗುಡ್ಡದವರು ಇನ್ನೊಂದು ಗುಡ್ಡದವರಿಗೆ "ಕೂ" ಹಾಕಿ ಸುದ್ದಿ ಮುಟ್ಟಿಸುತ್ತಿದ್ದರು. ಒಂದೇ ಕೂ ಎಂದರೆ ಬಾ. ಗಿಡ್ಡದ್ದೆರಡು, ಉದ್ದದ್ದೊಂದು ಎಂದರೆ ನಿಂತಲ್ಲೇ ನಿಲ್ಲು, ಆಪತ್ತಿದೆ. ಕೇಳಿಸಿಕೊಂಡವನು ಕೈಯಲ್ಲಿದ್ದ ತುತ್ತು ಬಿಟ್ಟಾದರೂ ಅದನ್ನು ಮುಂದಿನ ಮನೆಗೆ ದಾಟಿಸಬೇಕು, ಅದು ನೇಮ. ಈ ವಿದ್ಯೆಯಲ್ಲಿ ಮಾವನನ್ನು ಮೀರಿಸಿದವರಿರಲಿಲ್ಲ. ಅವರು ಉದ್ದದ ಕೂ ಎಳೆದು, ತುದಿಯಲ್ಲಿ ಕುಡಿ ಮುರಿದಂತೆ ಥಟ್ಟನೆ ಮುರಿಯುತ್ತಿದ್ದರು. ಆ ಮುರಿತವೇ ಅವರ ಸಹಿ. ಕೊಯ್ಲಿನ ಕಾಲದಲ್ಲಿ ತೋಟದ ತುಂಬ ಜನ ಕೂಗಾಡುತ್ತಾರೆ, ಯಾರು ಯಾರಿಗೆ ನಿಲ್ಲುತ್ತಾರೆ ಹೇಳಿ? ಮಾವನ ಕೂಗಿಗೆ ಮಾತ್ರ ಎಲ್ಲರೂ ನಿಲ್ಲುತ್ತಿದ್ದರು. ಫೋನು ಬಂದು ಉಳಿದವರೆಲ್ಲ ಕೂ ಹಾಕುವುದು ಬಿಟ್ಟ ಮೇಲೂ ಅವರು ಬಿಟ್ಟಿರಲಿಲ್ಲ.

ಅವರಿಂದ ಅದನ್ನು ಬಿಡಿಸಿದ್ದು ಗಂಟಲಿನ ಗಡ್ಡೆ. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಜೀವ ಉಳಿಸಿದರು, ಗಡ್ಡೆಯ ಜೊತೆಗೆ ಸ್ವರವನ್ನೂ ತೆಗೆಯಬೇಕಾಯಿತು. ಉಳಿದದ್ದು ಪಂಚರಾದ ಟ್ಯೂಬಿನಿಂದ ಬರುವಂಥ ಒಂದು ಪಿಸುಗಾಳಿ. ಅಂದಿನಿಂದ ಮನೆಯೊಳಗೆ ಅವರ ಹಳೆಯ ಧ್ವನಿಯ ಐಟಂ ಕಟ್ಟುನಿಟ್ಟಾಗಿ ನಿಷೇಧ. ಹೊರಗೆ ನಾನು ಮಾಡುತ್ತಿದ್ದೆ, ಅದು ಅವರಿಗೆ ಗೊತ್ತೂ ಇತ್ತು. "ನನ್ನ ಸ್ವರ ಇಟ್ಕೊಂಡಿರೋನು ನೀನು. ನಿನ್ನ ನಂಬೋದು ಹ್ಯಾಗೆ?" ಎನ್ನುತ್ತಿದ್ದರು.

ಮೊದಲಿಗೆ ಅವರಿಗೊಂದು ಬದಲಿ ಸ್ವರ ಕೊಡಿಸಿದವನೂ ನಾನೇ. ಬರೆದದ್ದನ್ನು ಫೋನೇ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ. ಆದರೆ ಆ ಫೋನಿನೊಳಗಿದ್ದದ್ದು ಶುದ್ಧ ಗ್ರಂಥಸ್ಥ ಕನ್ನಡದ ಒಬ್ಬ ಹೆಂಗಸು! ಮಾವ ಮಸಿ ಹಿಡಿದ ಮುಖ ಮಾಡಿಕೊಂಡು ಕೆಲಸದವರ ಮುಂದೆ ಫೋನು ಎತ್ತಿ ಹಿಡಿದರೆ ಅದು, "ಎಲೈ ಸೋಮಾರಿಗಳೇ, ಹಸಿರು ಹಣ್ಣನ್ನು ಏಕೆ ಕೊಯ್ಯುತ್ತಿದ್ದೀರಿ," ಎಂದು ಮಲ್ಲಿಗೆ ಮುಡಿದಷ್ಟು ಮೃದುವಾಗಿ ಕೇಳುತ್ತಿತ್ತು. ತೋಟದ ಮೇಸ್ತ್ರಿ ಲಿಂಗಪ್ಪ ಬಿದ್ದು ಬಿದ್ದು ನಕ್ಕ. "ಗೌಡ್ರೆ, ನಿಮ್ಮೊಳಗೆ ಯಾವ್ದೋ ಟೀಚರಮ್ಮ ಸೇರ್ಕಂಡದೆ. ಭೂತ ಬಿಡಿಸೋರಿಗೆ ತೋರ್ಸಿ."

ಹಾಗೆ ಹೇಳುವ ಧೈರ್ಯ ಲಿಂಗಪ್ಪನಿಗೆ ಮಾತ್ರವಿತ್ತು. ಅವನೂ ಮಾವನೂ ಒಂದೇ ಶಾಲೆಯ ಒಂದೇ ಬೆಂಚು. ದಿನಕ್ಕೊಂದು ಜಗಳವಿಲ್ಲದೆ ಇಬ್ಬರಿಗೂ ಗಂಜಿ ಇಳಿಯುತ್ತಿರಲಿಲ್ಲ.

ಇಲ್ಲಿಯವರೆಗೆ ನಕ್ಕಿದ್ದರೆ ನಕ್ಕುಬಿಡಿ. ಮುಂದಿನದನ್ನು ಹೇಗೆ ಹೇಳಿದರೂ ನಗು ಬರುವುದಿಲ್ಲ. ನಾನು ಪ್ರಯತ್ನಿಸಿ ನೋಡಿದ್ದೇನೆ.

ಕೊಯ್ಲಿನ ಒಂದು ಬೆಳಿಗ್ಗೆ. ಅತ್ತೆ ತವರಿಗೆ ಹೋಗಿದ್ದರು, ನಾನು ಅಂಗಡಿ ಸಾಮಾನು ತರಲು ಚಿಕ್ಕಮಗಳೂರಿಗೆ. ಮಾವ ಮನೆಯೆದುರಿನ ಕಣದಲ್ಲಿ ಒಬ್ಬರೇ ನಿಂತು ಕೆಳಗೆ ನೋಡಿದರೆ, ಹಳ್ಳದ ಪಕ್ಕದ ಕಾಫಿ ಗಿಡಗಳ ಮೇಲೆ ಒಂಟಿ ಸಲಗದ ಬೆನ್ನು. ಲಿಂಗಪ್ಪ ಕೆಲಸಕ್ಕೆ ಬರುವುದು ಅದೇ ಕೆಳದಾರಿಯಲ್ಲಿ, ಅದೇ ಹೊತ್ತಿಗೆ. ಕೂ ಹಾಕಲು ಸ್ವರವಿಲ್ಲ. ಫೋನು ತೆಗೆದು ಬರೆದರು: "ಕೆಳದಾರಿಲಿ ಬರಬೇಡ. ಆನೆ ಇದೆ." ಒಂದು ಟಿಕ್ ಬಿತ್ತು. ಎರಡನೆಯದು ಬೀಳಲಿಲ್ಲ. ಲಿಂಗಪ್ಪನಿದ್ದ ಕಡೆಯ ಟವರು ಕರೆಂಟಿಲ್ಲದೆ ಮಲಗಿತ್ತು. ಮಾವ ತಗಡು ಬಡಿದರು. ನಮ್ಮ ತೋಟದಲ್ಲಿ ತಗಡು ಬಡಿದರೆ ಗೌಡರು ಮಂಗ ಓಡಿಸುತ್ತಿದ್ದಾರೆ ಎಂದೇ ಅರ್ಥ. ಲಿಂಗಪ್ಪ ಮಂಗಗಳನ್ನು ಬೈದುಕೊಂಡೇ ನಡೆದು ಬಂದಿರಬೇಕು.

ನಾನು ಮಧ್ಯಾಹ್ನದ ಬಸ್ಸಿಗೆ ಬಂದಾಗ ಮಹಜರು ಮುಗಿದು ಅವನನ್ನು ಜೀಪಿಗೆ ಏರಿಸುತ್ತಿದ್ದರು. ಆಗ ಟವರು ಎದ್ದಿತು. ಅವನ ಅಂಗಿಯ ಜೇಬಿನೊಳಗೆ 'ಟಿಂಗ್' ಎಂದಿತು.

ಎಲ್ಲರೂ ಆ ಜೇಬನ್ನೇ ನೋಡಿದರು. ಯಾರೂ ಕೈ ಹಾಕಲಿಲ್ಲ. ಮಾವ ತಮ್ಮ ಫೋನು ನೋಡಿಕೊಂಡರು. ಎರಡನೇ ಟಿಕ್ ಬಿದ್ದಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಎದ್ದ ಟವರು ಸುಮ್ಮನಿರುತ್ತದೆಯೇ? ನೆರೆದವರಲ್ಲಿ ಯಾರೋ ಪುಣ್ಯಾತ್ಮ ಹೊಡೆದಿದ್ದ ಫೋಟೋ ಗ್ರೂಪಿನಿಂದ ಗ್ರೂಪಿಗೆ ಹಾರಿತು. ಲಿಂಗಪ್ಪನ ಹೆಂಡತಿ ಸೀತಕ್ಕ ತಂಗಿಯ ಮನೆಯಿಂದ ಬರುತ್ತಾ ಕಳಸದ ಬಸ್ಸಿನಲ್ಲಿ ಕೂತಿದ್ದಳು. ಅವಳಿಗೆ ಹೇಗೆ ತಿಳಿಸುವುದೆಂದು ನಾವಿಲ್ಲಿ ತಲೆ ಕೆಡಿಸಿಕೊಳ್ಳುತ್ತಿದ್ದರೆ, ಗಂಡ ಬಿದ್ದಿದ್ದ ರೀತಿಯನ್ನು ಅವಳು ಬಸ್ಸಿನಲ್ಲೇ, ಪಕ್ಕದ ಸೀಟಿನವಳ ಮಗು ಅಳುತ್ತಿರುವಾಗ, ತನ್ನ ಫೋನಿನಲ್ಲಿ ನೋಡಿದ್ದಳು. ಕೈಮುಗಿಯುವ ಚಿತ್ರಗಳ ಸಮೇತ. ಊರಿಗೆ ಬಂದವಳೇ ಆ ಫೋನನ್ನು ತೆಗೆದುಕೊಂಡು ಹೋಗಿ ಕಾಫಿ ಸಿಪ್ಪೆ ಕೊಳೆಯುವ ಗುಂಡಿಗೆ ಎಸೆದಳು. ಮತ್ತೆ ಫೋನು ಮುಟ್ಟಲಿಲ್ಲ.

ಮಾವ ಆಪುಗಳ ಹಿಂದೆ ಬಿದ್ದದ್ದು ಆಮೇಲೆ. ಜನ "ಗೌಡ್ರಿಗೆ ಮರುಳು" ಎಂದರು. ನಾನೂ ಎಂದೆ. ಮರುಳಿನಲ್ಲೂ ಒಂದು ಲೆಕ್ಕವಿತ್ತು ಅನ್ನಿ. ಬೇಕಾದ ಮಾತು ಬೇಕಾದವನಿಗೆ ತಲುಪಿರಲಿಲ್ಲ, ಬೇಡದ ಚಿತ್ರ ಜಗತ್ತಿಗೆಲ್ಲ ತಲುಪಿತ್ತು. ಹಾಗಾಗಿ ಯಾವ ಆಪು ತೋರಿಸಿದರೂ ಅವರದು ಎರಡೇ ಪ್ರಶ್ನೆ: ಟವರು ಸತ್ತಾಗ ತಲುಪುತ್ತದೆಯೇ? ಬೇರೆಯವರ ಕೈಗೆ ಹೋಗದೆ ಇರುತ್ತದೆಯೇ?

"ಈ ಹಸಿರು ಬಣ್ಣದ್ದರಲ್ಲಿ ಬೀಗ ಭದ್ರ ಮಾವ. ನಡುವೆ ಯಾರೂ ಓದಕ್ಕಾಗಲ್ಲ," ಎಂದೆ ನಾನು.

"ಮೆಸೇಜು ಮೊದಲು ಎಲ್ಲಿಗೆ ಹೋಗುತ್ತೆ?"

"ಕಂಪನಿ ಸರ್ವರಿಗೆ. ಎಲ್ಲೋ ಪರದೇಶದಲ್ಲಿ."

"ಈ ಕಣದಿಂದ ಕೆಳದಾರಿಗೆ ಹೇಳೋ ಮಾತು ಪರದೇಶ ಸುತ್ತಿ ಬರಬೇಕಾ? ಅಷ್ಟೊತ್ತು ಆನೆ ಕಾಯುತ್ತಾ?"

ನೀಲಿ ಬಣ್ಣದ್ದು ತೋರಿಸಿದೆ. ಅದೂ ಅಲ್ಲಿಗೇ ಹೋಗಿ ಬರುವಂಥದ್ದು. ಮಾವ ಹಿಂದೆ ಒಂದು ಅವಧಿಗೆ ಪಂಚಾಯ್ತಿ ಮೆಂಬರಾಗಿದ್ದವರು. ಆ ದಿನಗಳಿಂದ ಅವರ ಬಳಿ ಉಳಿದಿದ್ದ ಏಕೈಕ ಆಸ್ತಿ 'ವಿಕೇಂದ್ರೀಕರಣ' ಎಂಬ ಪದ. ಅದಕ್ಕೆ ಮತ್ತೆ ಜೀವ ಬಂತು. "ಎಲ್ಲಾ ಒಂದೇ ಕಡೆ ಇಟ್ರೆ ಅದು ಬಿದ್ದಾಗ ಎಲ್ಲಾ ಬೀಳುತ್ತೆ ಮಾರಾಯ. ವಿಕೇಂದ್ರೀಕರಣ ಆಗ್ಬೇಕು," ಎಂದು ಪಿಸುಗುಟ್ಟಿದರು. ಪಿಸುಮಾತಿನಲ್ಲಿ ಭಾಷಣ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರವರ ಸರ್ವರನ್ನು ಅವರವರೇ ಇಟ್ಟುಕೊಳ್ಳುವ ಆಪೊಂದು ಸಿಕ್ಕಿತು. ಮೆಣಸಿನ ಚೀಲಗಳ ಪಕ್ಕದ ಕೋಣೆಯಲ್ಲಿ ಒಂದು ಪುಟ್ಟ ಡಬ್ಬಿ, ಅದರಿಂದ ಮನೆಯ ಸುತ್ತ ಹರಡುವ ನಮ್ಮದೇ ವೈಫೈ. ಕಣ, ಗೋದಾಮು, ಕೊಯ್ಲಿನವರ ಸಾಲುಮನೆ, ಎಲ್ಲಕ್ಕೂ ಟವರಿನ ಹಂಗಿಲ್ಲದೆ ಮೆಸೇಜು! ಮಾವ ಡಬ್ಬಿಗೆ ಕುಂಕುಮ ಇಟ್ಟರು. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಇಡೀ ಜಾಲ ಸ್ತಬ್ಧ. ಮಾವ ಮುಖ ಬಿಳಿಚಿಕೊಂಡು ಓಡಿದರು. ಡಬ್ಬಿಯ ಪ್ಲಗ್ಗು ಕಿತ್ತು ನೆಲದ ಮೇಲಿತ್ತು. ಆ ಜಾಗದಲ್ಲಿ ಅತ್ತೆಯ ಮಿಕ್ಸಿ ಗರಗರ ತಿರುಗುತ್ತಿತ್ತು.

"ಅಡುಗೆಮನೆ ಪ್ಲಗ್ಗು ಸುಟ್ಟೋಗಿ ಹದಿನೈದು ದಿನ ಆಯ್ತು. ಹೇಳ್ತಾನೇ ಇದೀನಿ," ಎಂದರು ಅತ್ತೆ. "ಚಟ್ನಿಗೆ ಎಂತ ಮಾಡ್ಲಿ, ಹಲ್ಲಲ್ಲಿ ಅರೀಲಾ?"

"ಕೇಂದ್ರ ಎಲ್ಲೂ ಹೋಗ್ಲಿಲ್ಲ ಮಾವ," ಎಂದೆ ನಾನು. "ಮೊದಲು ಪರದೇಶದಲ್ಲಿತ್ತು, ಈಗ ಅತ್ತೆ ಕೈಲಿದೆ. ಅಷ್ಟೇ ವ್ಯತ್ಯಾಸ."

ಅವರು ನಗಲಿಲ್ಲ. ಮೂರನೆಯದು ಸರ್ವರೇ ಇಲ್ಲದ ಆಪು. ಒಂದು ಫೋನು ಪಕ್ಕದ ಫೋನಿಗೆ, ಅದು ಅದರ ಪಕ್ಕದ್ದಕ್ಕೆ, ಹೀಗೆ ಕೈಯಿಂದ ಕೈಗೆ ಮಾತು ದಾಟಿಸುತ್ತಾ ಹೋಗುವುದು. ನಡುವಿನ ಫೋನುಗಳಿಗೆ ದಾಟಿಸಲಷ್ಟೇ ಗೊತ್ತು, ಬಿಚ್ಚಿ ಓದಲು ಬಾರದು. ಕೇಳುತ್ತಿದ್ದಂತೆ ಮಾವನ ಕಣ್ಣು ಅರಳಿತು. "ಇದು ಕೂ ಅಲ್ವಾ ಮಾರಾಯ!"

ಕೂ ಹೌದು, ಆದರೆ ಗುಡ್ಡ ದಾಟದ ಕೂ. ಇದಕ್ಕೆ ಫೋನುಗಳು ಒಂದಕ್ಕೊಂದು ಕೂಗಳತೆಯಲ್ಲ, ಕಲ್ಲೆಸೆತದಷ್ಟು ಹತ್ತಿರವಿರಬೇಕು. ನಮ್ಮಲ್ಲಿ ಮನೆಯಿಂದ ಮನೆಗೆ ಜ್ವರ ಕೂಡ ಹರಡುವುದಿಲ್ಲ, ಅಷ್ಟು ದೂರ! ಮಾವ ಬಿಟ್ಟರೇ? ನನ್ನ ಅಂಗಡಿಯಲ್ಲಿದ್ದ, ಗಾಜು ಒಡೆದ ಹಳೆಯ ಫೋನುಗಳನ್ನೆಲ್ಲ ಬಾಚಿಕೊಂಡು ಬಂದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಕೆಳದಾರಿಯುದ್ದಕ್ಕೂ ಸಿಲ್ವರ್ ಓಕ್ ಮರಗಳಿಗೆ ಕಟ್ಟಿಸಿದರು. ಊರಿಗೆ ಹೊಸದಾಗಿ ಬಂದವರು ಹರಕೆ ಮರವೆಂದು ಕೈಮುಗಿದದ್ದೂ ಉಂಟು.

ಸಾಲು ಪೂರ್ತಿಯಾದ ದಿನ ಮಾವ ಕಣದಲ್ಲಿ ನಿಂತು ಮೊದಲ ಮೆಸೇಜು ಬಿಟ್ಟರು. ನಾನು ಹಳ್ಳದ ಬಳಿ ಫೋನು ಹಿಡಿದು ಕಾದೆ. ಬರಲೇ ಇಲ್ಲ. ತಲೆಯೆತ್ತಿ ನೋಡಿದರೆ ಒಂದು ಕರಿಮೂತಿಯ ಮಂಗ ನಮ್ಮ ಒಂದು ಫೋನನ್ನು ಕಂಕುಳಲ್ಲಿಟ್ಟುಕೊಂಡು ಮರದಿಂದ ಮರಕ್ಕೆ ಹಾರುತ್ತಿದೆ! ಮೇಲೆ ಹತ್ತಿ ಬಂದು ಮಾವನಿಗೆ ವರದಿ ಒಪ್ಪಿಸಿದೆ: "ನಿಮ್ಮ ಮಾತು ಮರದಿಂದ ಮರಕ್ಕೆ ಹೋಗ್ತಾನೇ ಇದೆ ಮಾವ. ಇದಕ್ಕಿಂತ ವಿಕೇಂದ್ರೀಕರಣ ಬೇಕಾ?"

ಆಗಲೂ ಅವರು ನಗಲಿಲ್ಲ. ಇನ್ನೊಂದು ಫೋನು ಕಟ್ಟಿಸು ಎಂದರು. ನನಗೆ ರೇಗಿತು. ಮಿಮಿಕ್ರಿಯವನಿಗೆ ನಗದವರ ಮೇಲೆ ಬರುವ ಸಿಟ್ಟು ಯಾರ ಮೇಲೂ ಬರುವುದಿಲ್ಲ. "ಯಾರಿಗೆ ಮಾವ ಇದೆಲ್ಲ?" ಎಂದುಬಿಟ್ಟೆ. "ಈಗ ಆ ದಾರಿಲಿ ಬರೋಳು ಸೀತಕ್ಕ ಒಬ್ಳೇ. ಅವಳ ಹತ್ರ ಫೋನೇ ಇಲ್ವಲ್ಲ!"

ಕಾಫಿ ಒಣಗಿಸುವ ಕಣಕ್ಕೆ ಇಬ್ಬನಿ ಬೀಳದಂತೆ ಸಂಜೆ ಟಾರ್ಪಾಲು ಹೊದಿಸುತ್ತೇವೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅದನ್ನು ತೆಗೆಯುವ ಕೆಲಸ ಸೀತಕ್ಕನದು. ಬೇರೆ ಕೆಲಸ ಕೊಡುತ್ತೇನೆಂದರೂ ಬೇಡವೆಂದಿದ್ದಳು. ರಸ್ತೆಯಲ್ಲಿ ಸುತ್ತಿ ಬಾ ಎಂದರೆ, "ಅವ್ರು ನಡೆದ ದಾರಿ ಗೌಡ್ರೆ. ನಾನು ಬಿಟ್ರೆ ಅದ್ರಲ್ಲಿ ಮುಳ್ಳು ಬೆಳೀತದೆ," ಎಂದಿದ್ದಳು.

ಮಾವ ಅಂದೇ ಅವಳಿಗೆಂದು ಒಂದು ಹೊಸ ಫೋನು ತಂದು ಮುಂದೆ ಹಿಡಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ನೋಡಿದಳು, ಮುಟ್ಟಲಿಲ್ಲ.

"ಗೌಡ್ರೆ, ಈ ಪೆಟ್ಗೇಲಿ ಇನ್ನೆಂತ ತೋರ್ಸದು ಉಳ್ದದೆ ನಂಗೆ?"

ಮಾವ ಫೋನನ್ನು ಜೇಬಿಗೆ ಹಾಕಿಕೊಂಡರು. ಅಂದಿನಿಂದ ಅವರ ಬೆಳಗಿನ ಕಾಫಿ ಕಣದ ಅಂಚಿನಲ್ಲೇ. ಸೀತಕ್ಕ ಕೆಳಗೆ ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿ, ತಿರುವು ಹತ್ತಿ, ಕಣಕ್ಕೆ ಕಾಲಿಡುವವರೆಗೆ ಅವರ ಲೋಟ ಬಾಯಿಗೆ ಹೋಗುತ್ತಿರಲಿಲ್ಲ. ತಣ್ಣಗಾದ ಕಾಫಿಯನ್ನು ಅತ್ತೆ ಬೈದುಕೊಂಡು ಬಿಸಿ ಮಾಡುವುದು ದಿನದ ಕಟ್ಟಲೆಯಾಯಿತು.

ಮೊನ್ನೆಯ ಮಾತು. ಕಣದ ಅಂಚಿನಿಂದಾಚೆ ಏನೂ ಕಾಣದಷ್ಟು ಮಂಜು. ರಾತ್ರಿ ಮಾವನ ಮನೆಯಲ್ಲೇ ಉಳಿದಿದ್ದ ನಾನು ಹಲ್ಲುಜ್ಜುತ್ತಾ ಹೊರಗೆ ಬಂದೆ. ನಾಯಿ ಬೊಗಳದೆ ಬಾಲ ಮುದುರಿ ಬೆಂಚಿನಡಿಗೆ ಸೇರಿತು. ಕೆಳಗೆ, ಹಳ್ಳದ ಕಡೆಯಿಂದ, ಬಗನಿ ಮರ ಸೀಳುವ ಸದ್ದು ಬಂತು. ಬಗನಿಯನ್ನು ಹಾಗೆ ಸೀಳಿ ತಿನ್ನುವುದು ಯಾರೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಅದು ಸೀತಕ್ಕ ಸಂಕ ದಾಟುವ ಹೊತ್ತು.

ಮಾವನ ಕೈ ರೂಢಿಯಂತೆ ಫೋನಿಗೆ ಹೋಯಿತು. ಯಾವ ಆಪಿಗೆ, ಯಾರ ಹೆಸರಿಗೆ? ಫೋನು ಬೆಂಚಿನ ಮೇಲೆ ಬಿತ್ತು. ಅವರು ಅಂಚಿಗೆ ಹೋಗಿ, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಕೂ ಹಾಕಿದರು. ಗಾಳಿ ಬಂತು. ಮತ್ತೆ ಹಾಕಿದರು. ಕತ್ತಿನ ನರ ಉಬ್ಬಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ಹೊರಬಂದದ್ದು ಗಾಳಿ. ನಾನು ಎಷ್ಟೋ ಜನರ ಮುಖ ಕದ್ದವನು. ಆ ಮುಖವನ್ನು ಮಾತ್ರ ಯಾವ ವೇದಿಕೆಯಲ್ಲೂ ಮಾಡಲಾರೆ.

ತಿರುಗಿ ಬಂದು ನನ್ನ ತೋಳು ಹಿಡಿದರು. ಉಗುರು ನಾಟಿತು.

"ನಿನ್ನ ಹತ್ರ ಇದೆಯಲ್ಲ," ಎಂದರು. "ಹಾಕು."

ನೂರು ಸಲ ಹಾಕಿ ಚಪ್ಪಾಳೆ ಗಿಟ್ಟಿಸಿದ ಐಟಂ. ಬಾಯಲ್ಲಿ ಪೇಸ್ಟಿನ ನೊರೆ. ನೊರೆ ಉಗಿದೆ. ಗಿಡ್ಡದ್ದೊಂದು, ಗಿಡ್ಡದ್ದೊಂದು. ಆಮೇಲೆ ಉದ್ದದ್ದು, ಎಳೆದು, ಎಳೆದು, ತುದಿಯಲ್ಲಿ ಕುಡಿ ಮುರಿದಂತೆ ಮುರಿದೆ.

ಮರ ಸೀಳುವ ಸದ್ದು ನಿಂತಿತು. ಬೇರೆ ಯಾವ ಸದ್ದೂ ಇಲ್ಲ. ಮಾವನ ಹಿಡಿತ ಸಡಿಲಾಗಲಿಲ್ಲ. "ಇನ್ನೊಂದ್ಸಲ." ಹಾಕಿದೆ.

ಮಂಜಿನ ತಳದಿಂದ ಒಂದು ಸಣ್ಣ ಕೂ ಮೇಲೆ ಬಂತು. ಹೆಂಗಸಿನದು, ನಡುಗುವಂಥದ್ದು. ಕೇಳಿಸಿತು, ನಿಂತಿದ್ದೇನೆ ಎಂಬ ಕೂ. ಅದು ಸಂಕದ ಆಚೆ ಬದಿಯಿಂದ ಬಂದಿತ್ತು. ಈ ಸ್ವರ ಹೋಗಿ ಕಾಲವಾಯಿತೆಂದು ಗೊತ್ತಿದ್ದವಳು, ಅದನ್ನು ಕೇಳಿ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದಿದ್ದಳು. "ಮೈಯೆಲ್ಲ ಜುಮ್ಮಂತು ಕಣಾ, ಸುಳ್ಳುಗಾರ," ಎಂದು ಆಮೇಲೆ ನನಗೆ ಬೈದಳು.

ಅಷ್ಟರಲ್ಲಿ ಎದುರು ಗುಡ್ಡದಿಂದ ಇನ್ನೊಂದು ಕೂ. ಅಲ್ಲಿನ ಮುದುಕರಿಗೆ ನೇಮ ಮರೆತಿರಲಿಲ್ಲ. ಗಿಡ್ಡದ್ದೆರಡು ಉದ್ದದ್ದೊಂದನ್ನು ಹಾಗೇ ಮುಂದಕ್ಕೆ ದಾಟಿಸಿದರು. ಅದರಾಚೆ ಮತ್ತೊಂದು, ಇನ್ನೂ ಆಚೆ ಕೇಳಿತೋ ಇಲ್ಲವೋ ಎನ್ನುವಂಥ ಒಂದು. ಯಾರೂ ಅಂಕಿ ಕೇಳಲಿಲ್ಲ.

ಹಿಂದೆ ಪಾತ್ರೆ ಬಿದ್ದ ಸದ್ದಾಯಿತು. ಅತ್ತೆ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲಿ ನಿಂತಿದ್ದರು. ಎರಡೂ ಕೈಗೆ ಅಕ್ಕಿರೊಟ್ಟಿಯ ಹಿಟ್ಟು. ನನ್ನ ಕಡೆ ನೋಡಲಿಲ್ಲ. ಮಾವನನ್ನೇ, ಅವರ ಗಂಟಲನ್ನೇ ನೋಡುತ್ತಿದ್ದರು.

ಮಾವ ತಲೆ ತಗ್ಗಿಸಿ, ಬೆರಳು ಮಾಡಿ ನನ್ನನ್ನು ತೋರಿಸಿದರು. ಆಮೇಲೆ ಮಾವ ನನ್ನ ತೋಳು ಬಿಟ್ಟು, ಗಂಟಲು ಸವರಿಕೊಂಡು, ತಮ್ಮ ಪಿಸುಗಾಳಿಯಲ್ಲಿ ಹೇಳಿದರು: "ಕಡೇದನ್ನ ಸ್ವಲ್ಪ ಜಾಸ್ತಿ ಎಳೆದೆ. ನಾನು ಅಷ್ಟು ಎಳೀತಿರ್ಲಿಲ್ಲ."

"ಎಳೀತಿದ್ರಿ," ಎಂದರು ಅತ್ತೆ, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾ. "ಅಷ್ಟೇ ಎಳೀತಿದ್ರಿ."